ಬಸ್ಸು ನಿಲ್ಲುವ ಬಯಲು

ದುಂಡಸಿ ರಸ್ತೆ,
ಶುಕ್ರವಾರ ಮಧ್ಯಾಹ್ನ

ಮ್ಯೂಸಿಯಂನ ಪದ್ಮಜಾ ಮೇಡಂ ಅವರಿಗೆ ಪಾರ್ಕಿಂಗ್ ಕಾಯುವ ಚನ್ನವೀರಪ್ಪನ ಶರಣು.

ನಿಮ್ಮ ಫೋನ್ ಹತ್ತಲಿಲ್ಲ, ಅದಕ್ಕೆ ಈ ಪತ್ರ. ನಾಳೆ ಮ್ಯೂಸಿಯಂ ನೋಡಲು ಬರುವ ಶಾಲೆಯ ಬಸ್ಸುಗಳನ್ನು ದಯವಿಟ್ಟು ರಸ್ತೆಯಲ್ಲೇ ನಿಲ್ಲಿಸಿರಿ. ಒಂದನ್ನೂ ಬಯಲಿಗೆ ಬಿಡಬೇಡಿರಿ.

ಪಾರ್ಕಿಂಗ್ ನಕ್ಷೆ ಮಾಡುವಾಗ ನೀವು, "ಅಜ್ಜಾರ, ಈ ನೆಲದ ಕೆಳಗ ಏನರ ಅದ ಏನ್ರಿ?" ಎಂದು ಕೇಳಿದ್ದಿರಿ. "ಏನೂ ಇಲ್ರಿ, ಗಟ್ಟಿ ನೆಲ ಐತ್ರಿ" ಎಂದೆ. ಅದು ಸುಳ್ಳು. ಇದು ಮೊದಲು ನಮ್ಮ ಹಿತ್ತಲು. ಇಲ್ಲಿ ಜೋಳ ತುಂಬಿಡುತ್ತಿದ್ದ ಹಗೇವುಗಳಿವೆ. ಒಂದೊಂದು ಎರಡಾಳು ಆಳದ ಗುಂಡಿ. ಅಪ್ಪ ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಎಳೆದಿದ್ದ. ಹಗೇವಿನ ಬಾಯಿ ಎಲ್ಲಿದೆ ಎಂದು ಹೊರಗಿನವರಿಗೆ ಹೇಳಬಾರದೆಂದು ಆಣೆ ಹಾಕಿಸಿದ್ದ. ಜೋಳ ಖಾಲಿಯಾಗಿ ನಲವತ್ತು ವರ್ಷವಾದರೂ ನನಗೆ ನಾಲಿಗೆ ಏಳಲಿಲ್ಲ.

ಇಂದು ಬೆಳಿಗ್ಗೆ ನೀರಿನ ಟ್ಯಾಂಕರ್ ಹಾದುಹೋದಾಗ ಒಂದು ಕಡೆ ನೆಲ ಗೇಣುದ್ದ ಕುಸಿಯಿತು. ಸುತ್ತ ಮುಳ್ಳು ಹಾಕಿ ಕಾಯುತ್ತಿದ್ದೇನೆ. ನನ್ನ ಕೆಲಸ ಹೋದರೆ ಹೋಗಲಿ, ಬೇಗ ಯಾರನ್ನಾದರೂ ಕರೆತಂದು ಬಯಲೆಲ್ಲ ಅಗೆದು ನೋಡಿಸಿರಿ.

ಹಗೇವು ಮೂರಿವೆ. ಉಳಿದೆರಡರ ಬಾಯಿ ಅಪ್ಪ ನನಗೂ ತೋರಿಸಲಿಲ್ಲ.

ನಿಮ್ಮ ದಾರಿ ಕಾಯುವ,
ಚನ್ನವೀರಪ್ಪ