ಅರ್ಧಕ್ಕೆ ಬಿಟ್ಟ ಪೂಜೆ

ತಂಗಿ ನೀಲವ್ವಾ,

ನೀನು ಬಾವಿಪಾಲಾಗಿ ಆರು ವರ್ಷವಾಯಿತು. ಇವತ್ತು ಮಠದಲ್ಲಿ ಮಾಸ್ತರರು ತಾವು ಬರೆದ ಹೊಸ ನಾಟಕ ಓದಿದರು. ಅದರಲ್ಲಿ ಸೊಸೆಯೊಬ್ಬಳು ಲಿಂಗಪೂಜೆಯ ನಡುವೆ ಎದ್ದುಹೋಗಿ ಬಾವಿಗೆ ಹಾರುತ್ತಾಳೆ.

"ಅಂಗೈಯಾಗಿನ ಲಿಂಗ ಬಿಟ್ಟು ಯಾರರೇ ಸಾಯಾಕ ಏಳ್ತಾರೇನ್ರಿ, ಮಾಸ್ತರ?" ಎಂದುಬಿಟ್ಟೆ.

"ಖರೇ ಐತಿ ಬಿಡವ್ವಾ. ಹಂಗಾರ ಯಾರೋ ಎಳಕೊಂಡು ಹೋಗಿರಬೇಕು!"

ಎಲ್ಲರೂ ನಕ್ಕರು. ಪೊಲೀಸ್ ಫೌಜದಾರನ ಪಾತ್ರ ಮಾಡುವ ನಿನ್ನ ಗಂಡ ನಗಲಿಲ್ಲ.

ಅವತ್ತು ನೀನು ಅರ್ಧಕ್ಕೆ ಬಿಟ್ಟ ಪೂಜೆಯನ್ನು ನೋಡಿದವಳು ನಾನೊಬ್ಬಳೇ. ಆದರೂ ನಿಜವಾದ ಫೌಜದಾರರಿಗೆ, ಕಾಲು ಜಾರಿರಬೇಕು ಎಂದಿದ್ದೆ.

ಮಠದ ಹೊರಗೆ ನಿನ್ನ ಗಂಡ ಮಗಳ ಕೈ ಹಿಡಿದುಕೊಂಡು ನನಗೆ ಅಡ್ಡ ನಿಂತ.

"ಯಾರ ಪೂಜಿ ಸುದ್ದಿ ತಗದ್ರಿ, ಅಕ್ಕಾರ?"

ನಿನ್ನ ಮಗಳತ್ತ ನೋಡಿದೆ. "ನಾಟಕದಾಕೀದಪಾ," ಎಂದೆ.

ಮಗು ಅವನ ಕೈಯಲ್ಲಿತ್ತು, ನೀಲವ್ವಾ.