ಎಣ್ಣೆಯಲ್ಲಿ ಕಲಸಿದ ಕುಂಕುಮ

ಜನವರಿ 6, ಸೋಮವಾರ

ಬ್ಯಾಂಕು ಮುಗಿಸಿ ನೇರ ಮಾಂತೇಶನ ಗ್ಯಾರೇಜು. ಬ್ರೇಕ್ ಆಯಿಲ್ ಬದಲಾಯಿತು, ಹೊಸ ಬ್ರೇಕ್ ಪ್ಯಾಡೂ ಬಿದ್ದವು. ನನ್ನ ಹಳೇ ಸ್ವಿಫ್ಟಿಗೆ ಮದುವೆ ಕಳೆ. ಭಾನುವಾರ ಕೊಯಿಮತ್ತೂರಿನಲ್ಲಿ ಟ್ರ್ಯಾಕ್ ಡೇ, ರೇಸಿನ ಟ್ರ್ಯಾಕಿನ ಮೇಲೆ ನಮ್ಮದೇ ಕಾರು ಓಡಿಸಿ ಕಲಿಯುವ ದಿನ, ನಮ್ಮಂಥ ಹೊಸಬರಿಗೆ. ರೇಸ್ ಅಲ್ಲ, ಯಾರನ್ನೂ ಹಿಂದೆ ಹಾಕಬೇಕಿಲ್ಲ. ಇದನ್ನು ಅವ್ವನಿಗೆ ಹೇಳಿ ಹೇಳಿ ಬಾಯಿ ಸೋತಿತು. ನಮ್ಮವ್ವ ಶ್ರೀಮತಿ ಇಂದಿರಾಬಾಯಿಯವರು ಮಾತು ಬಿಟ್ಟಿದ್ದಾರೆ. ತಾಟು ಕುಕ್ಕಿದ ಸದ್ದಾದರೆ ಊಟಕ್ಕೆ ಕರೆದರು ಅಂತ ಅರ್ಥ.

ಸಿಟ್ಟು ಬರುತ್ತದೆ. ಆದರೆ ಗೊತ್ತು... ಕಿತ್ತೂರಿನ ಹತ್ತಿರ ಮಳೆಯಲ್ಲಿ ಕಾರು ಜಾರಿ ಅಪ್ಪ ಹೋದಾಗಿನಿಂದ ಅವ್ವ ಕಾರು ಹತ್ತಿಲ್ಲ. ದೇಗಾಂವದ ಗುಡಿಗೂ ಬಸ್ಸೇ. ನಾನು ಕಲಿಯಬೇಕೆಂದಿರುವುದೂ ಅದನ್ನೇ — ಜಾರಿದ ಗಾಡಿಯನ್ನು ಹಿಡಿಯುವುದು, ನಿಲ್ಲಿಸುವುದು. ಇದೊಂದನ್ನು ಮಾತ್ರ ಅವಳ ಮುಂದೆ ಹೇಳಲಾಗಿಲ್ಲ.

ಜನವರಿ 9, ಗುರುವಾರ. ಬೆಳಿಗ್ಗೆ

ಎದ್ದು ನೋಡಿದರೆ ಕಾರಿಗೆ ಪೂಜೆಯಾಗಿದೆ. ಹೂವು, ಊದುಬತ್ತಿ, ಗಾಲಿಗಳಿಗೆ ಕುಂಕುಮ. ಅವ್ವನೇ! ಬಾಯಿಂದ ಒಂದು ಮಾತಿಲ್ಲ, ಆದರೆ ಇದು ಒಪ್ಪಿಗೆಯೇ ತಾನೇ? ಅಳು ಬಂತು.

ಸಂಜೆ

ಸವದತ್ತಿ ರಸ್ತೆಗೆ ಹೋಗಿದ್ದೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್. ಬ್ರೇಕು ಒತ್ತಿದೆ — ಗಾಡಿ ಎಡಕ್ಕೆ ಎಳೆಯಿತು, ನಿಲ್ಲಲೊಲ್ಲದು. ಟ್ರೇಲರಿಗೆ ಒಂದು ಮಾರು ಉಳಿದಾಗ ನಿಂತಿತು. ಮೊದಲ ಗೇರಿನಲ್ಲೇ ತೆವಳುತ್ತ ಗ್ಯಾರೇಜಿಗೆ ತಂದೆ.

ಮಾಂತೇಶ ಗಾಲಿ ಬಿಚ್ಚಿದ. ಪ್ಯಾಡಿನ ತುಂಬ ಕೆಂಪು ಜಿಡ್ಡು. "ಅಕ್ಕಾರ, ಎಣ್ಣಿ ಕುಡದಾವ್ರಿ ಇವು. ಒರಸಿದ್ರ ಹೋಗೂದಿಲ್ಲ, ತಗದ ಒಗದು ಹೊಸಾವು ಹಾಕಬೇಕು." ಬೇರೆ ಜೊತೆ ಪ್ಯಾಡು ನಾಳೆ ಬೆಳಗಾವಿಯಿಂದ ಮೊದಲ ಬಸ್ಸಿಗೆ ಬರುತ್ತದಂತೆ.

ಗಾಲಿಯ ಸಂದಿಯಲ್ಲಿ, ಪ್ಯಾಡು ಹಿಡಿದು ನಿಲ್ಲಿಸುವ ಬ್ರೇಕಿನ ಡಿಸ್ಕು ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತದಲ್ಲ, ಅವ್ವ ಬೆರಳು ತೂರಿಸಿ ಕುಂಕುಮವನ್ನು ಅಲ್ಲಿಗೇ ಹಚ್ಚಿದ್ದಾಳೆ. ಹೇಳಿದರೆ ಕುಸಿದುಬಿಡುತ್ತಾಳೆ. ಹೇಳದಿದ್ದರೆ ಮುಂದಿನ ದಸರೆಗೂ ಹಚ್ಚುತ್ತಾಳೆ.

ಜನವರಿ 10, ಶುಕ್ರವಾರ

ಹೇಳಿಬಿಟ್ಟೆ. ಹಂಚಿನ ಮೇಲಿನ ಜೋಳದ ಭಕ್ಕರಿ ಕಪ್ಪಾಯಿತು, ಅವ್ವ ಅದನ್ನು ಕೆಳಗಿಳಿಸಿದಳು. ಆಮೇಲೆ, "ನೀ ಅಷ್ಟು ಜೋರ ಹೊಡೀತಿ, ಒಣಾ ಕುಂಕುಮ ಹಾರಿ ಹೋಗ್ತದ ಅಂತ... ಎಣ್ಣಿಯೊಳಗ ಕಲಸಿದೆ."

ನಗಬಾರದಿತ್ತು, ನಕ್ಕೆ. ಅವಳು ಅತ್ತಳು. ಆಗ ಹೇಳಿದೆ — ಓಡಿಸುವುದಕ್ಕಲ್ಲ, ನಿಲ್ಲಿಸುವುದನ್ನು ಕಲಿಯಲು ಹೋಗುತ್ತಿದ್ದೇನೆ, ಅಪ್ಪನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಇಬ್ಬರೂ ಅತ್ತೆವು.

ಗ್ಯಾರೇಜಿಗೆ ಅವ್ವನೂ ಬಂದಳು, ನಡೆದುಕೊಂಡೇ. ಮಾಂತೇಶ ಡಿಸ್ಕು ತೊಳೆದು ಪ್ಯಾಡು ಹಾಕಿದ. ಅವು ಹೊಂದಿಕೊಳ್ಳಬೇಕೆಂದರೆ ಖಾಲಿ ರಸ್ತೆಯಲ್ಲಿ ಮತ್ತೆ ಮತ್ತೆ ಬ್ರೇಕು ಹಾಕಬೇಕು ಅಂದ. ಕೀಲಿ ತಿರುಗಿಸುವಷ್ಟರಲ್ಲಿ ಎಡಗಡೆಯ ಬಾಗಿಲು ತೆರೆಯಿತು. ಅವ್ವ ಕುಳಿತಳು. ಬೆಲ್ಟು ಹಾಕಲು ಬರಲಿಲ್ಲ, ನಾನೇ ಹಾಕಿದೆ.

"ಜೋರ ಹೋಗು. ಹೆಂಗ ನಿಲ್ಲಸ್ತಿ ನೋಡ್ತೇನಿ."

ಊರು ದಾಟಿದ ಮೇಲೆ ಎಂಬತ್ತಕ್ಕೆ ಏರಿಸಿದೆ. ಅವ್ವನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಒತ್ತಿದೆ. ನೆಟ್ಟಗೆ ನಿಂತಿತು.

"ಇನ್ನೊಮ್ಮೆ," ಅಂದಳು. ಆಮೇಲೆ ಮತ್ತೊಮ್ಮೆ. ಕಡೆಯ ಸಲ ಕಣ್ಣು ತೆರೆದೇ ಇತ್ತು.

ಈಗ ಕೊಯಿಮತ್ತೂರಿಗೆ ಹೊರಡಬೇಕು. ಒಬ್ಬಳೇ ಹೋಗುವುದೆಂದು ಒಂದೇ ಚೀಲ ತುಂಬಿದ್ದೆ... ಹೊರಗೆ ಹಾರ್ನ್. ಅವ್ವ ಆಗಲೇ ತನ್ನ ಬಟ್ಟೆಯ ಗಂಟು ಕಟ್ಟಿಕೊಂಡು ಕಾರಿನಲ್ಲಿ ಕುಳಿತಿದ್ದಾಳೆ —