ಬಾಂಬರಿಗೆ ಬರೆದ ಕಣ್ಣು

ಕಿನ್ನಾಳ, ೧೪–೮–೨೦೧೧

ಮುನಿರಾಬಾದಿನ ಮುನವ್ವರ ಸಾಹೇಬರಿಗೆ ಗೊಂಬೆ ಮಾಡುವ ದುರ್ಗಾದೇವಿಯ ನಮಸ್ಕಾರ.

ಹೊಸ ಬಣ್ಣಕ್ಕೆಂದು ನೀವು ಕಳಿಸಿದ ಕಟ್ಟಿಗೆಯ ಬಾಂಬರ್ ವಿಮಾನ ಬಂದು ಮುಟ್ಟಿದೆ. ಹದಿಮೂರು ವರ್ಷಗಳ ಹಿಂದೆ, ನಿಮ್ಮ ತಂದೆ ಯುದ್ಧಕಾಲದಲ್ಲಿ ರಿಪೇರಿ ಮಾಡುತ್ತಿದ್ದ ವಿಮಾನದ ಫೋಟೊ ಹಿಡಿದು ನೀವು ನಮ್ಮ ಪಡಸಾಲೆಗೆ ಬಂದದ್ದು ನೆನಪಾಯಿತು. ಕಪ್ಪು-ಬಿಳುಪು ಫೋಟೊದಲ್ಲಿ ಬಣ್ಣ ತಿಳಿಯದೆ ನಮ್ಮಪ್ಪ ತಾನು ಕೆತ್ತಿದ ಈ ವಿಮಾನಕ್ಕೆ ಗರುಡನ ಗೊಂಬೆಗೆ ಹಚ್ಚುವ ಗಿಳಿಹಸಿರನ್ನೇ ಹಚ್ಚಿದ. ಎಲ್ಲ ಗೊಂಬೆಗಳಿಗೆ ಮಾಡುವಂತೆ ಕೊನೆಗೆ ಮೂತಿಯ ಮೇಲೆ ಕಣ್ಣು ಬರೆದ.

“ವಿಮಾನಕ್ಕ ಕಣ್ಣು ಯಾಕ್ರಿ?” ಎಂದು ನೀವು ನಕ್ಕಿರಿ.

“ಕಣ್ಣಿಲ್ಲಂದ್ರ ಬಾಂಬು ಯಾರ ಮ್ಯಾಲ ಬೀಳತೈತಿ ಅಂತ ಅದಕ್ಕ ಹೆಂಗ ಕಾಣಬೇಕ್ರಿ?” ಎಂದ ಅಪ್ಪ.

ಆಮೇಲೆ ನೀವು ನಗಲಿಲ್ಲ.

ಈಗ ನಿಮ್ಮ ಚೀಟಿಯಂತೆ ಮೇಲೆ ಮಣ್ಣಿನ ಬಣ್ಣ, ಹೊಟ್ಟೆಗೆ ಕಪ್ಪು ಹಚ್ಚಿದ್ದೇನೆ. ರೆಕ್ಕೆಯ ಬಿರುಕಿಗೆ ಹುಣಸೆಬೀಜದ ಅಂಟು ತುಂಬಿದ್ದೇನೆ, ಬಿಸಿಲಿಗೆ ಇಡಬೇಡಿ. ನಿಜವಾದ ವಿಮಾನಕ್ಕೆ ಕಣ್ಣಿರಲಿಲ್ಲ, ಅಳಿಸಿ ಎಂದೂ ಬರೆದಿದ್ದೀರಿ. ಅಪ್ಪ ಈಗಿಲ್ಲ; ಅವನು ಮಾಡಿದ ಗೊಂಬೆಗಳೆಲ್ಲ ಮಾರಿಹೋಗಿವೆ. ಅವನ ಕೈ ಬರೆದ ಕಣ್ಣನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಈ ಕಣ್ಣನ್ನು ಹಾಗೇ ಬಿಟ್ಟು ಸುತ್ತಲಷ್ಟೇ ಬಣ್ಣ ಹಚ್ಚಿದ್ದೇನೆ.

ಜೊತೆಗೊಂದು ಬಣ್ಣದ ಕುಡಿಕೆ, ಕುಂಚ ಇಟ್ಟಿದ್ದೇನೆ. ಅಳಿಸಲೇಬೇಕಾದರೆ ನೀವೇ ಅಳಿಸಿ. ಮನಸ್ಸಾಗದಿದ್ದರೆ ಕುಡಿಕೆಯನ್ನು ಹಾಗೇ ತಿರುಗಿ ಕಳಿಸಿ.

ನಿಮ್ಮ ಗೊಂಬೆ ಯಜಮಾನರ ಮಗಳು,
ದುರ್ಗಾದೇವಿ